ಪರೇಲಿನಿಂದ ಪರ್ಲ್ ರಿವರ್‌ಗೆ

ಬೆಂಗೇರಿ ಎಂದರೆ ಹುಬ್ಬಳ್ಳಿಯವರಿಗೆ ಸಂತೆ, ಹೊರಗಿನವರಿಗೆ ಖಾದಿ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲೇ ಇದೆ. ಇಲ್ಲಿ ಹೊಲಿದ ರಾಷ್ಟ್ರಧ್ವಜ ದೇಶದ ಉದ್ದಗಲಕ್ಕೂ ಹೋಗುತ್ತದೆ. ಈಗ ಖಾದಿ ತೊಟ್ಟು ಹೊರಬಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಹೆಚ್ಚೆಂದರೆ ಯಾವ ಪಕ್ಷ ಎಂದು ಕೇಳಿಯಾರು. ಒಂದು ಶತಮಾನದ ಹಿಂದೆ ಅದೇ ಬಟ್ಟೆಗೆ ಬೆಲೆ ತೆರಬೇಕಿತ್ತು. ಮದ್ರಾಸ್ ಮೆಡಿಕಲ್ ಕಾಲೇಜಿನ ಒಬ್ಬ ವಿದ್ಯಾರ್ಥಿ ಗಾಂಧೀಜಿಯ ಕರೆಗೆ ಓಗೊಟ್ಟು ಆಪರೇಷನ್ ಕೋಣೆಗೆ ಖಾದಿಯ ಗೌನು ತೊಟ್ಟು ಬಂದ. ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಸಾಹೇಬರಿಗೆ ಅದು ಸರಿಬರಲಿಲ್ಲ. ಲಿಖಿತ ಪರೀಕ್ಷೆ ಚೆನ್ನಾಗಿಯೇ ಬರೆದಿದ್ದ ಹುಡುಗನ ಕೈಗೆ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಬಂತು.

ಆ ಹುಡುಗ ಯಲ್ಲಾಪ್ರಗಡ ಸುಬ್ಬರಾವ್. ಮಕ್ಕಳ ರಕ್ತದ ಕ್ಯಾನ್ಸರನ್ನು ಮೊದಲ ಸಲ ಹಿಮ್ಮೆಟ್ಟಿಸಿದ ಔಷಧ ಮುಂದೆ ಬಂದದ್ದು ಅವರ ಪ್ರಯೋಗಾಲಯದಿಂದ. ಆ ಔಷಧವನ್ನು ಹುಡುಕಲು ಹೊರಟವರು ಯಾರೂ ಇರಲಿಲ್ಲ ಎಂಬುದೇ ಈ ಇತಿಹಾಸದ ಸ್ವಾರಸ್ಯ. ಅದರ ಬೇರು ಇರುವುದು ಬಡವರ ರಕ್ತಹೀನತೆಯಲ್ಲಿ, ಮುಂಬೈಯ ಬಟ್ಟೆ ಗಿರಣಿಗಳ ಹೆಣ್ಣುಮಕ್ಕಳ ಬಿಳಿಚಿದ ಮುಖಗಳಲ್ಲಿ.

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮಾವರದಲ್ಲಿ. ಏಳು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಕಂದಾಯ ಇಲಾಖೆಯಲ್ಲಿದ್ದವರು, ಆರೋಗ್ಯ ಕೆಟ್ಟು ಬೇಗ ಕೆಲಸ ಬಿಟ್ಟರು. ಹುಡುಗ ಓದಿನಲ್ಲಿ ಜಾಣನೆಂದು ಹೆಸರಾದವನಲ್ಲ. ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಕಾಶಿಗೆ ಓಡಿಹೊರಟಿದ್ದವನನ್ನು ತಾಯಿ ವೆಂಕಮ್ಮ ಹಿಡಿದು ತಂದರು. ಮೆಟ್ರಿಕ್ ದಾಟಿದ್ದು ಮೂರನೆಯ ಯತ್ನದಲ್ಲಿ. ಮುಂದೆ ರಾಮಕೃಷ್ಣ ಮಠ ಸೇರಿ ಸನ್ಯಾಸಿಯಾಗುವ ಹಂಬಲ ಹತ್ತಿತು, ತಾಯಿ ಒಪ್ಪಲಿಲ್ಲ. ಮೆಡಿಕಲ್ ಓದಿಗೆ ದುಡ್ಡು ಕೊಟ್ಟವರಲ್ಲಿ ಹೆಣ್ಣು ಕೊಟ್ಟ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ಒಬ್ಬರು. ಮದುವೆಯಾದದ್ದು 1919ರಲ್ಲಿ, ಹೆಂಡತಿ ಶೇಷಗಿರಿ.

ಅಷ್ಟರಲ್ಲಿ ಮನೆಯ ಮೇಲೆ ಸಂಗ್ರಹಣಿ ಬಂದೆರಗಿತು. ಉಂಡದ್ದು ಮೈಗೆ ಹತ್ತದ, ನಿಲ್ಲದ ಭೇದಿಯ, ರಕ್ತ ಬತ್ತಿಸುವ ರೋಗ ಅದು, ಇಂಗ್ಲಿಷ್ ವೈದ್ಯರು ಸ್ಪ್ರೂ ಎನ್ನುತ್ತಿದ್ದದ್ದು. ಇಬ್ಬರು ಸೋದರರು ದಿನಗಳ ಅಂತರದಲ್ಲಿ ತೀರಿಕೊಂಡರು. ಸುಬ್ಬರಾಯರಿಗೂ ತಗುಲಿತು, ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಔಷಧದಿಂದ ಬದುಕಿಕೊಂಡರು. ಎಲ್.ಎಂ.ಎಸ್. ಹಿಡಿದವರಿಗೆ ಸರ್ಕಾರಿ ನೌಕರಿ ಸಿಗದಾದಾಗ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲೇ ಅಂಗರಚನಾಶಾಸ್ತ್ರ ಕಲಿಸಿದರು. ಅಲ್ಲಿಂದ ಮಾವನ ನೆರವು, ಕಾಕಿನಾಡದ ಸತ್ಯಲಿಂಗ ನಾಯಕರ್ ಧರ್ಮನಿಧಿಯ ಭರವಸೆ ಕಟ್ಟಿಕೊಂಡು ಬಾಸ್ಟನ್‌ಗೆ ಹಡಗು ಹತ್ತಿದರು. ಬಸುರಿ ಹೆಂಡತಿಗೆ ಮೂರು ವರ್ಷದಲ್ಲಿ ಬರುತ್ತೇನೆಂದು ಹೇಳಿ ಹೋದವರು ಮರಳಿ ಬರಲೇ ಇಲ್ಲ. ಆಮೇಲೆ ಹುಟ್ಟಿದ ಮಗ ವರ್ಷ ತುಂಬುವ ಮೊದಲೇ ತೀರಿಕೊಂಡ. ಸುಬ್ಬರಾಯರ ಚರಿತ್ರೆ ಬರೆಯುವವರು ಶೇಷಗಿರಿಯವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಕಾಯುವಿಕೆ ಮುಂದೆ ಕಾಲು ಶತಮಾನ ನಡೆಯಿತು.

ಇಲ್ಲೊಂದು ಹುಬ್ಬಳ್ಳಿಯ ಮಾತು ಸೇರಿಸದೆ ಇರಲಾರೆ. ಧಾರವಾಡದಲ್ಲಿ ಹುಟ್ಟಿದ ನಾ.ಸು. ಹರ್ಡೀಕರರೂ ವೈದ್ಯಕೀಯ ಓದಿದವರೇ, ಅಮೆರಿಕಕ್ಕೆ ಹೋದವರೇ. ಅಲ್ಲಿ ಲಾಲಾ ಲಜಪತರಾಯರ ಜೊತೆಗೂಡಿ ಹೋಮ್ ರೂಲ್ ಪ್ರಚಾರ ಮಾಡಿ, 1921ರಲ್ಲಿ ಊರಿಗೆ ಬಂದು, ಹುಬ್ಬಳ್ಳಿಯಿಂದ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅದಕ್ಕೆ ಅಂಕಿತ ಬಿದ್ದದ್ದು 1923ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ. ಒಬ್ಬ ವೈದ್ಯ ಅಮೆರಿಕದಿಂದ ಬಂದು ಖಾದಿ ತೊಟ್ಟ, ಇನ್ನೊಬ್ಬ ಖಾದಿ ತೊಟ್ಟದ್ದಕ್ಕೆ ಪದವಿ ಕಳೆದುಕೊಂಡು ಅಮೆರಿಕಕ್ಕೆ ಹೋದ. ಇಬ್ಬರೂ ಒಂದೇ ಕಾಲದ ಕಾವಿನಲ್ಲಿ ಬೆಂದವರು.

ಇನ್ನು ಮುಂಬೈ. ಧಾರವಾಡ ಜಿಲ್ಲೆಯ ಹತ್ತಿ ಆಗ ಮುಂಬೈ ಗಿರಣಿಗಳಿಗೆ ಹೋಗುತ್ತಿತ್ತು. ಆ ಗಿರಣಿಗಳ ನಡುಗಡ್ಡೆಯಂತಿದ್ದ ಪರೇಲಿನಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಗಿರಣಿ ಕೆಲಸದ ಬಸುರಿಯರಲ್ಲಿ ಒಂದು ವಿಚಿತ್ರ ರಕ್ತಹೀನತೆ ಕಾಣಿಸುತ್ತಿತ್ತು, ಹೆರಿಗೆಯ ಹೊತ್ತಿಗೆ ತಾಯಂದಿರು ಸಾಯುತ್ತಿದ್ದರು. ಸೂಕ್ಷ್ಮದರ್ಶಕದಡಿ ಕೆಂಪುಕಣಗಳು ಸಣ್ಣಗಾಗುವ ಬದಲು ದೊಡ್ಡದಾಗಿ ಊದಿಕೊಂಡಿರುತ್ತಿದ್ದವು. ಆದ್ದರಿಂದ ಕಬ್ಬಿಣದ ಕೊರತೆ ಕಾರಣವಲ್ಲ. ಸೋಂಕು ಇರಬಹುದೇ ಎಂದು ವಿಲ್ಸ್ ಮೊದಲು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ಉಣ್ಣುತ್ತಾರೆಂದು ನೋಡತೊಡಗಿದರು. ಸೊಪ್ಪು, ಹಣ್ಣು, ಹಾಲು ಕಾಣದ ತಾಟುಗಳಿದ್ದ ಮನೆಗಳಲ್ಲೇ ಈ ಕಾಯಿಲೆ ಹೆಚ್ಚು.

ಇಲಿಗೂ ಮಂಗಕ್ಕೂ ಅದೇ ಬಡ ಊಟ ಹಾಕಿ ನೋಡಿದ ವಿಲ್ಸ್ ಕೊನೆಗೆ ಕೈಗೆತ್ತಿಕೊಂಡದ್ದು ಮಾರ್ಮೈಟ್ ಎಂಬ ಕಪ್ಪು ಲೇಹ. ಬಿಯರ್ ಭಟ್ಟಿಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ್ದು, ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಳ್ಳುವ ಅಗ್ಗದ ವಸ್ತು. ಅದನ್ನು ತಿನ್ನಿಸಿದ ಹೆಂಗಸರ ರಕ್ತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಯೀಸ್ಟಿನಲ್ಲಿದ್ದ ಆ ಗುಣದ ಹೆಸರು ಗೊತ್ತಿಲ್ಲದ್ದರಿಂದ ವಿಜ್ಞಾನಿಗಳು ಅದನ್ನು ವಿಲ್ಸ್ ಅಂಶ ಎಂದೇ ಕರೆದರು. 1941ರಲ್ಲಿ ಟೆಕ್ಸಾಸಿನ ತಂಡವೊಂದು ಪಾಲಕ್ ಸೊಪ್ಪಿನಿಂದ ಅಂಥದ್ದೇ ಒಂದು ಪದಾರ್ಥ ತೆಗೆದು ಅದಕ್ಕೆ ಫೋಲಿಕ್ ಆಸಿಡ್ ಎಂದು ಹೆಸರಿಟ್ಟಿತು. ಪರೇಲಿನ ಆ ಬಸುರಿಯರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಉಳಿದಿಲ್ಲ.

ಬಾಸ್ಟನ್ನಿನಲ್ಲಿ ಸುಬ್ಬರಾಯರು ಹಾರ್ವರ್ಡಿನ ಉಷ್ಣವಲಯ ವೈದ್ಯಕೀಯ ಶಾಲೆ ಸೇರಿದರು. ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಗಲು ಸೈರಸ್ ಫಿಸ್ಕ್ ಎಂಬ ಜೀವರಸಾಯನ ವಿಜ್ಞಾನಿಯ ಕೈಕೆಳಗೆ ದುಡಿದರು. 1925ರಲ್ಲಿ ಇಬ್ಬರೂ ಸೇರಿ ರಕ್ತ, ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ಸುಲಭ ವಿಧಾನ ಪ್ರಕಟಿಸಿದರು. ಹುಬ್ಬಳ್ಳಿಯದೇ ಇರಲಿ, ಬೆಳಗಾವಿಯದೇ ಇರಲಿ, ಮೆಡಿಕಲ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ: ಬಯೊಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಪರೀಕ್ಷಾನಳಿಗೆಯ ದ್ರವ ನೀಲಿಗೆ ತಿರುಗುವುದನ್ನು ಕಾಯುತ್ತ ನಿಂತದ್ದು ನೆನಪಿರುತ್ತದೆ. ಅದೇ ಫಿಸ್ಕ್-ಸುಬ್ಬರಾವ್ ವಿಧಾನ. ಅದರ ಬೆನ್ನಿಗೆ ಸ್ನಾಯುವಿನ ಶಕ್ತಿಗೆ ಆಸರೆಯಾದ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಜೀವಕಣಗಳಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಕಂಡವು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಕಂಡುಹಿಡಿದಿದ್ದರು. 1930ರಲ್ಲಿ ಸುಬ್ಬರಾಯರಿಗೆ ಪಿಎಚ್‌.ಡಿ. ಬಂತು. ಕಾಯಂ ಹುದ್ದೆ ಮಾತ್ರ ಹಾರ್ವರ್ಡ್ ಕೊಡಲಿಲ್ಲ. ಫಿಸ್ಕ್ ಅವರಿಗೆ ಹೊಟ್ಟೆಕಿಚ್ಚಿತ್ತು, ಸುಬ್ಬರಾಯರ ಕೆಲವು ಶೋಧಗಳು ಹೊರಬರಲು ಅವರೇ ಬಿಡಲಿಲ್ಲ ಎಂದು ಅದೇ ಪ್ರಯೋಗಾಲಯದಲ್ಲಿ ಕಲಿತ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ.

1940ರಲ್ಲಿ ಅವರು ನ್ಯೂಯಾರ್ಕ್ ಹತ್ತಿರದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಔಷಧ ಕಂಪನಿ ಸೇರಿದರು. ಎರಡು ವರ್ಷಕ್ಕೆ ಸಂಶೋಧನಾ ನಿರ್ದೇಶಕರಾದರು. ಅಲ್ಲಿ ಹಿಡಿದ ದೊಡ್ಡ ಕೆಲಸ ಫೋಲಿಕ್ ಆಸಿಡ್. ಅದು ಪಿತ್ತಜನಕಾಂಗದಲ್ಲೂ ಇರುತ್ತದೆ, ಆದರೆ ಎಷ್ಟು ಅರೆದರೂ ಸಿಗುವುದು ಚಿಟಿಕೆಯಷ್ಟು. ಆದ್ದರಿಂದ ಅದರ ರಚನೆ ತಿಳಿದು ಪ್ರಯೋಗಾಲಯದಲ್ಲೇ ತಯಾರಿಸಬೇಕು. 1945ರ ಹೊತ್ತಿಗೆ ಅದು ಕೈಗೂಡಿತು. ಮರುವರ್ಷ ರಚನೆಯ ವಿವರ ಸೈನ್ಸ್ ಪತ್ರಿಕೆಯಲ್ಲಿ ಬಂದಾಗ ಲೇಖನಕ್ಕೆ 16 ಜನರ ಹೆಸರಿತ್ತು. ನಿರ್ದೇಶಕರ ಹೆಸರು ಎಲ್ಲೋ ನಡುವೆ. ಇದನ್ನು ಓದಿ ನಮ್ಮವರಿಗೆ ಅನ್ಯಾಯವಾಯಿತೆಂದು ಕೂಗುವ ಲೇಖನಗಳು ಬಹಳ ಬಂದಿವೆ. ನನಗೆ ಹಾಗನ್ನಿಸುವುದಿಲ್ಲ. ಹಾರ್ವರ್ಡಿನಲ್ಲಿ ಆದದ್ದು ಅನ್ಯಾಯ, ಲೆಡರ್ಲೆಯಲ್ಲಿ ಆದದ್ದು ತಂಡದ ಕೆಲಸ. ರಾಬರ್ಟ್ ಸ್ಟೋಕ್‌ಸ್ಟಾಡ್, ಡೋರಿಸ್ ಸೀಗರ್ ಅಂಥವರಿಲ್ಲದೆ ಅದು ಆಗುತ್ತಿರಲಿಲ್ಲ. ಯಾರನ್ನು ಎಲ್ಲಿ ಕೂರಿಸಬೇಕು, ಯಾವ ದಾರಿ ಬಿಡಬೇಕು ಎಂದು ಬಲ್ಲವನಾಗಿದ್ದುದೇ ಸುಬ್ಬರಾಯರ ಹೆಚ್ಚುಗಾರಿಕೆ.

ಹೀಗೆ ತಯಾರಾದ ಹಳದಿ ಪುಡಿ ಸಂಗ್ರಹಣಿಯನ್ನೂ ಗುಣಪಡಿಸುತ್ತದೆಂದು ಒಂದೆರಡು ವರ್ಷದಲ್ಲೇ ಗೊತ್ತಾಯಿತು. ಸೋದರರನ್ನು ಕೊಂದ ರೋಗಕ್ಕೆ ಇಪ್ಪತ್ತೈದು ವರ್ಷದ ನಂತರ ಸಿಕ್ಕ ಉತ್ತರ ಅದು.

ಮೊದಲಲ್ಲಿ ಹೇಳಿದ ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯ, ಈ ತನಕ ಮತ್ತೆ ಸುದ್ದಿಗೆ ಬಂದಿಲ್ಲ. ಬರಬೇಕಾದದ್ದು ಇಲ್ಲಿ. 1845ರಲ್ಲಿ ಎಡಿನ್‌ಬರೋದ ಬೆನೆಟ್, ಬರ್ಲಿನ್ನಿನ ವಿರ್ಖೊ ಈ ರೋಗವನ್ನು ವರ್ಣಿಸಿದಂದಿನಿಂದ ನೂರು ವರ್ಷ ಕಳೆದಿದ್ದರೂ ವೈದ್ಯರ ಕೈಯಲ್ಲಿ ಗುಣಪಡಿಸುವ ಔಷಧ ಇರಲಿಲ್ಲ. ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿಕಣಗಳು ಲಂಗುಲಗಾಮಿಲ್ಲದೆ ಹುಟ್ಟುತ್ತವೆ. ಕೆಂಪುಕಣಕ್ಕೂ ರಕ್ತ ಹೆಪ್ಪುಗಟ್ಟಿಸುವ ಕಣಕ್ಕೂ ಜಾಗವೇ ಉಳಿಯುವುದಿಲ್ಲ. ಮಗು ಬಿಳಿಚುತ್ತದೆ, ಜ್ವರ ಬಿಡುವುದಿಲ್ಲ, ವಸಡಿನಲ್ಲಿ ರಕ್ತ, ಮೈಮೇಲೆ ಕಂದು ಕಲೆ. ತೀವ್ರ ಬಗೆಯದಾದರೆ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸಾವು. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಇಂಥ ಮಕ್ಕಳನ್ನು ನೋಡುತ್ತಿದ್ದುದು ಹೆಚ್ಚಾಗಿ ಸತ್ತ ಮೇಲೆ. ಅವರು ರೋಗಶಾಸ್ತ್ರಜ್ಞರು, ಶವಪರೀಕ್ಷೆ ಅವರ ಕಸುಬು.

ರಕ್ತಹೀನತೆಯಲ್ಲಿ ಮಜ್ಜೆಯನ್ನು ಸರಿದಾರಿಗೆ ತಂದ ಫೋಲಿಕ್ ಆಸಿಡ್ ಇಲ್ಲೂ ತಂದೀತೇ? ಫಾರ್ಬರ್ ಅವರ ತರ್ಕ ಸರಳವಾಗಿತ್ತು. ಲೆಡರ್ಲೆಯಿಂದ ಫೋಲಿಕ್ ಆಸಿಡ್ಡಿನ ಸಂಯುಕ್ತಗಳನ್ನು ತರಿಸಿ ಬೇರೆ ಬೇರೆ ಕ್ಯಾನ್ಸರಿನ 90 ರೋಗಿಗಳಿಗೆ ಕೊಟ್ಟರು. ಲ್ಯುಕೇಮಿಯದ ಮಕ್ಕಳಲ್ಲಿ ಆದದ್ದು ಎಣಿಸಿದ್ದಕ್ಕೆ ತದ್ವಿರುದ್ಧ. ಮಜ್ಜೆಯಲ್ಲಿ ರೋಗದ ಕಣಗಳು ಮುಂಚಿಗಿಂತ ವೇಗವಾಗಿ ಹೆಚ್ಚಿದವು. ಇಂದಿನ ನಿಯಮಗಳಡಿ ಇಂಥ ಪ್ರಯೋಗಕ್ಕೆ ಯಾವ ಸಮಿತಿಯೂ ಹೂಂ ಅನ್ನಲಾರದು. ಆಗಲೂ ಅದೇ ಆಸ್ಪತ್ರೆಯ ಸಹೋದ್ಯೋಗಿಗಳು ಫಾರ್ಬರ್ ಮೇಲೆ ಸಿಟ್ಟಾಗಿದ್ದರು, ಮಕ್ಕಳನ್ನು ನೆಮ್ಮದಿಯಿಂದ ಸಾಯಲು ಬಿಡಿ ಎನ್ನುವುದು ಅವರ ವಾದ.

ಫಾರ್ಬರ್ ಮಾತ್ರ ಆ ಸೋಲನ್ನೇ ತಿರುವಿ ನೋಡಿದರು. ಕೊಟ್ಟರೆ ರೋಗ ಹೆಚ್ಚುವುದಾದರೆ, ಸಿಗದಂತೆ ಮಾಡಿದರೆ ಕುಗ್ಗಬೇಕು. ಕಣ ಒಡೆದು ಎರಡಾಗುವಾಗ ಹೊಸ ಡಿ.ಎನ್‌.ಎ. ಕಟ್ಟಲು ಫೋಲಿಕ್ ಆಸಿಡ್ ಬೇಕೇ ಬೇಕು. ಹಾಗಾದರೆ ಫೋಲಿಕ್ ಆಸಿಡ್ಡಿನಂತೆಯೇ ಕಾಣುವ, ಆದರೆ ಕೆಲಸ ಮಾಡದ ಒಂದು ಪದಾರ್ಥ ಬೇಕು. ಅದು ಪರ್ಲ್ ರಿವರ್‌ನಲ್ಲಿತ್ತು. ಸುಬ್ಬರಾಯರ ತಂಡ ಫೋಲಿಕ್ ಆಸಿಡ್ ಕಟ್ಟುವ ದಾರಿಯಲ್ಲೇ ಅದರ ಅನೇಕ ಹುಸಿರೂಪಗಳನ್ನೂ ತಯಾರಿಸಿತ್ತು. ಅವುಗಳಲ್ಲೊಂದು ಸೀಗರ್ ಮತ್ತು ಜೊತೆಗಾರರು 1947ರಲ್ಲಿ ವರದಿ ಮಾಡಿದ ಅಮಿನಾಪ್ಟೆರಿನ್. ಅಣುವಿನ ಒಂದು ಮೂಲೆಯಲ್ಲಿದ್ದ ಆಮ್ಲಜನಕವನ್ನು ತೆಗೆದು ಅಲ್ಲಿ ಸಾರಜನಕದ ಗುಂಪೊಂದನ್ನು ಇಟ್ಟರೆ ಆಯಿತು, ಉಳಿದದ್ದೆಲ್ಲ ಹಾಗೇ. ಕೀಲಿಯೊಳಗೆ ಹೊಕ್ಕು ತಿರುಗದೆ ಅಲ್ಲೇ ಮುರಿದು ಕೂತ ಕೀಲಿಕೈಯ ಹಾಗೆ ಅದು ಕಣದ ಕಿಣ್ವವನ್ನು ಕಟ್ಟಿಹಾಕುತ್ತದೆ. ಯಾವ ಕಿಣ್ವ, ಹೇಗೆ ಎಂಬುದೆಲ್ಲ ತಿಳಿದದ್ದು ಹತ್ತು ವರ್ಷದ ಮೇಲೆ.

1947ರ ಡಿಸೆಂಬರ್ 28ರಂದು ಎರಡು ವರ್ಷದ ಹುಡುಗನೊಬ್ಬನಿಗೆ ಅಮಿನಾಪ್ಟೆರಿನ್ ಸೂಜಿ ಚುಚ್ಚಲಾಯಿತು. ಅವನಿಗೆ ಅವಳಿ ಸೋದರನಿದ್ದ, ಆರೋಗ್ಯವಂತ. ಒಂದೇ ಮುಖದ ಇಬ್ಬರು ಮಕ್ಕಳಲ್ಲಿ ಒಬ್ಬನ ಹೊಟ್ಟೆ ಊದಿ, ಎಲುಬು ನೋಯುತ್ತ ಹಾಸಿಗೆ ಹಿಡಿದಿದ್ದ. ಏರುತ್ತಲೇ ಇದ್ದ ಬಿಳಿಕಣಗಳ ಸಂಖ್ಯೆ ಕೆಲವು ದಿನಗಳಲ್ಲಿ ಏರುವುದು ನಿಲ್ಲಿಸಿ ಇಳಿಯತೊಡಗಿತು. ಊದಿದ ಹೊಟ್ಟೆ ಇಳಿಯಿತು, ಹುಡುಗ ಎದ್ದು ಓಡಾಡಿದ. ಮಕ್ಕಳ ತೀವ್ರ ಲ್ಯುಕೇಮಿಯದಲ್ಲಿ ಔಷಧದಿಂದ ಹಾಗೆ ಆದದ್ದು ಅದೇ ಮೊದಲು. 1948ರ ಜೂನ್ 3ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಾರ್ಬರ್ ಮತ್ತು ನಾಲ್ವರು ಸಹೋದ್ಯೋಗಿಗಳು ವರದಿ ಮಾಡಿದರು: 16 ಮಕ್ಕಳಿಗೆ ಕೊಟ್ಟಿದ್ದೆವು, 10 ಮಂದಿಗೆ ಗುಣ ಕಂಡಿತು. ತಲೆಬರಹದಲ್ಲೇ ಈ ಉಪಶಮನ ತಾತ್ಕಾಲಿಕ ಎಂದು ಹೇಳಿಕೊಂಡಿದ್ದರು. ಸುಳ್ಳಾಗಲಿಲ್ಲ. ತಿಂಗಳುಗಳಲ್ಲಿ ರೋಗ ಮರಳಿ ಬಂತು. ಆ ಹುಡುಗನೂ ಉಳಿಯಲಿಲ್ಲ.

ಆ ವರದಿ ಬಂದ ಎರಡು ತಿಂಗಳಿಗೆ, ಆಗಸ್ಟಿನಲ್ಲಿ, ಸುಬ್ಬರಾಯರು ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಆನೆಕಾಲು ರೋಗಕ್ಕೆ ಇಂದಿಗೂ ಆರೋಗ್ಯ ಇಲಾಖೆಯವರು ಮನೆಮನೆಗೆ ಹಂಚುವ ಡಿ.ಇ.ಸಿ. ಮಾತ್ರೆ ಅವರ ತಂಡದ್ದೇ. 1946ರಲ್ಲಿ ಕಾನೂನು ಬದಲಾಗಿ ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದಿತ್ತು. ಅವರು ತೆಗೆದುಕೊಳ್ಳಲಿಲ್ಲ, ಪರದೇಶಿಯಾಗಿಯೇ ಸತ್ತರು. ಕಂಪನಿಯವರು ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟರು. ಭಾರತ ಸರ್ಕಾರ 1995ರಲ್ಲಿ ಅಂಚೆಚೀಟಿ ತಂದಿತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಅಮಿನಾಪ್ಟೆರಿನ್‌ನ ವಿಷಗುಣ ಹೆಚ್ಚೆಂದು ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಬಳಕೆಗೆ ಬಂತು, ಅದೂ ಲೆಡರ್ಲೆಯದೇ. ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಮರ್ಕ್ಯಾಪ್ಟೊಪ್ಯೂರಿನ್ ಕೊಟ್ಟರು. ನಮ್ಮ ಅಂಗಳದಲ್ಲಿ ನೀರು ಹಾಕದಿದ್ದರೂ ಬೆಳೆಯುವ ಕಾಶಿಕಣಗಿಲೆಯಿಂದ ವಿನ್‌ಕ್ರಿಸ್ಟಿನ್ ಬಂತು. ಒಂದೊಂದೇ ಕೊಟ್ಟರೆ ರೋಗ ತಪ್ಪಿಸಿಕೊಳ್ಳುತ್ತದೆಂದು 1960ರ ದಶಕದ ಆರಂಭದಲ್ಲಿ ಫ್ರೈ ಮತ್ತು ಫ್ರೈರೈಕ್ ಈ ಮೂರರ ಜೊತೆ ಇನ್ನೊಂದನ್ನೂ ಸೇರಿಸಿ ಒಟ್ಟಿಗೆ ಕೊಟ್ಟು ನೋಡಿದರು. ಔಷಧ ರಕ್ತದಿಂದ ಮಿದುಳಿಗೆ ದಾಟದು, ರೋಗ ಅಲ್ಲಿ ಅಡಗಿ ಕೂರುತ್ತದೆಂದು ತಿಳಿದಾಗ ಮೆಂಫಿಸ್ಸಿನ ಡೊನಾಲ್ಡ್ ಪಿಂಕೆಲ್ ತಲೆಗೆ ವಿಕಿರಣ, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಸೇರಿಸಿದರು. 1960ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾಗುತ್ತಿದ್ದರು.

ನಮ್ಮ ಕಡೆಗೆ ಈ ಚಿಕಿತ್ಸೆ ಬಂದದ್ದು ತಡವಾಗಿ. ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ತೆರೆದದ್ದು 1957ರಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಬಂದದ್ದು ಆಮೇಲೆ. ಅದಕ್ಕೂ ಮುಂಚೆ ಈ ಭಾಗದ ಮಂದಿಗೆ ಕ್ಯಾನ್ಸರ್ ಎಂದರೆ ಒಂದೇ ವಿಳಾಸ. ‘ಟಾಟಾಕ್ಕ ಒಯ್ದಾರಂತ’ ಎಂದು ದನಿ ತಗ್ಗಿಸಿ ಹೇಳಿದರೆ ಓಣಿಗೆಲ್ಲ ಅರ್ಥವಾಗುತ್ತಿತ್ತು. 1941ರಲ್ಲಿ ತೆರೆದ ಆ ಟಾಟಾ ಮೆಮೋರಿಯಲ್ ಆಸ್ಪತ್ರೆ ಇರುವುದೂ ಪರೇಲಿನಲ್ಲೇ, ಹಾಫ್‌ಕಿನ್‌ನ ನೆರೆಯಲ್ಲಿ. ಧಾರವಾಡದ ಹತ್ತಿ ಹೋದ ಹಳಿಯ ಮೇಲೇ ಹುಬ್ಬಳ್ಳಿಯ ಮಗು ಪರೇಲಿಗೆ ಹೋಗಿ, ಪರೇಲಿನ ಬಸುರಿಯರಿಂದ ಶುರುವಾದ ಔಷಧವನ್ನು ಬೆನ್ನಿಗೆ ಚುಚ್ಚಿಸಿಕೊಳ್ಳುತ್ತಿತ್ತು.

ಚುಚ್ಚಿಸಿಕೊಂಡರೂ ಬಹಳ ಮಂದಿ ಉಳಿಯುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಭಾರತದ ದೊಡ್ಡ ಆಸ್ಪತ್ರೆಗಳಲ್ಲೂ ಈ ರೋಗದಿಂದ ದೀರ್ಘಕಾಲ ಬದುಕಿದ ಮಕ್ಕಳು ಐದರಲ್ಲೊಂದು ಪಾಲಿಗಿಂತ ಕಡಿಮೆ. ಅಮೆರಿಕದ ಇಯಾನ್ ಮಾಗ್ರಾತ್ ಮುಂಬೈ, ಮದ್ರಾಸ್, ದೆಹಲಿಯ ವೈದ್ಯರ ಜೊತೆ ಕೂತು ಎಂ.ಸಿ.ಪಿ. 841 ಎಂಬ ಚಿಕಿತ್ಸಾಕ್ರಮ ಸಿದ್ಧಪಡಿಸಿದರು. ಅದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ನಮ್ಮ ಆಸ್ಪತ್ರೆಗಳಿಗೆ, ನಮ್ಮ ಮಕ್ಕಳ ಮೈಗೆ ತಾಳುವಂತೆ ಹಳೆಯವನ್ನೇ ಜೋಡಿಸಿದ್ದರು. ಉಳಿಯುವವರ ಪಾಲು ಅರ್ಧದ ಆಸುಪಾಸಿಗೆ ಬಂತು. ಸೋಂಕು, ಅಪೌಷ್ಟಿಕತೆ, ಜ್ವರ ಬಿಟ್ಟೊಡನೆ ಮಗು ಗುಣವಾಯಿತೆಂದು ಊರಿಗೆ ಕರೆದೊಯ್ಯುವ ತಂದೆತಾಯಿ, ಇವೇ ಉಳಿದ ಶತ್ರುಗಳು. ಊರಿಗೆ ಕರೆದೊಯ್ದವರನ್ನು ಬೈಯುವುದು ಸುಲಭ. ಎರಡೂವರೆ ವರ್ಷದ ಚಿಕಿತ್ಸೆ, ಪ್ರತಿ ಸಲ ಬಸ್ಸು, ರೈಲು, ಕೂಲಿ ಖೋತಾ, ಮನೆಯಲ್ಲಿ ಬಿಟ್ಟು ಬಂದ ಇನ್ನೆರಡು ಮಕ್ಕಳು. ಔಷಧ ಅಗ್ಗವಾದರೂ ಅದರ ತನಕದ ದಾರಿ ಅಗ್ಗವಲ್ಲ.

ಈಗ ಹುಬ್ಬಳ್ಳಿಯಲ್ಲೇ ಈ ಚಿಕಿತ್ಸೆ ಸಿಗುತ್ತದೆ. ವಾರ್ಡಿನ ಭಾಷೆ ತಾಯಂದಿರಿಗೆ ಬಾಯಿಪಾಠ: ಕೌಂಟ್ ಇಳಿದಾವ, ಪ್ಲೇಟ್‌ಲೆಟ್ ಏರಿಸ್ಯಾರ, ನಾಳೆ ಬೆನ್ನಿಗೆ ಸೂಜಿ. ಆ ಸೂಜಿಯಲ್ಲಿ ಅರಿಸಿನದ ಬಣ್ಣದ ದ್ರವ ಇರುತ್ತದೆ, ಮೆಥೊಟ್ರೆಕ್ಸೇಟ್. ತೀವ್ರ ಹಂತ ದಾಟಿದ ಮೇಲೆ ಅದೇ ಔಷಧ ಮಾತ್ರೆಯಾಗಿ ವಾರಕ್ಕೊಮ್ಮೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಚೀಟಿಯ ಮೇಲೆ ವಾರದ ಹೆಸರನ್ನೇ ದೊಡ್ಡದಾಗಿ ಬರೆದು ಸುತ್ತು ಹಾಕುವ ವೈದ್ಯರಿದ್ದಾರೆ.

ಇದೇ ಮಾತ್ರೆಯನ್ನು ಕೀಲುವಾತಕ್ಕೂ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮೊಣಕಾಲು ಬಾತ ಅಜ್ಜಿಯ ಚೀಟಿಯಲ್ಲಿ ಸೋಮವಾರ ಮೆಥೊಟ್ರೆಕ್ಸೇಟ್ ಇದ್ದರೆ ಇನ್ನೊಂದು ದಿನ ಫೋಲಿಕ್ ಆಸಿಡ್ ಇರುತ್ತದೆ, ಬಾಯಿಹುಣ್ಣು ಆಗದಿರಲೆಂದು. ಪರ್ಲ್ ರಿವರ್‌ನ ಅಣ್ಣತಮ್ಮಂದಿರು ಒಂದೇ ಚೀಟಿಯಲ್ಲಿ ಮೇಲೆ ಕೆಳಗೆ. ಲ್ಯುಕೇಮಿಯದ ಮಗುವಿನ ಚೀಟಿಯಲ್ಲಿ ಮಾತ್ರ ಫೋಲಿಕ್ ಆಸಿಡ್ ಸಾಮಾನ್ಯವಾಗಿ ಇರುವುದಿಲ್ಲ, ಫಾರ್ಬರ್ 1947ರಲ್ಲಿ ಕಂಡದ್ದೇ ಕಾರಣ. ಬಿಳಿಚಿದ ಮೊಮ್ಮಗನಿಗೆ ರಕ್ತ ಏರಲೆಂದು ಮೆಡಿಕಲ್ ಅಂಗಡಿಯಿಂದ ಟಾನಿಕ್ ತಂದ ಅಜ್ಜಿಯ ಕೈಯಿಂದ ಡಾಕ್ಟರು ಬಾಟಲಿ ಇಸಿದುಕೊಂಡು, ತಿರುಗಿಸಿ, ಚೀಟಿಯ ಸಣ್ಣ ಅಕ್ಷರ ಓದಿ, ‘ಇದು ಈಗ ಬ್ಯಾಡ್ರಿ’ ಎಂದು ಪಕ್ಕಕ್ಕಿಡುತ್ತಾರೆ.